ತಟ್ಟಿ ತೆರೆದ ಬಾಗಿಲು

ನಾನು ಆಫೀಸರ್ ಆಗಿದ್ದ ಮೆಲ್ಬರ್ನ್‌ನ ಆ ಜೈಲಿನಲ್ಲಿ ಸೆಲ್‌ನ ಬಾಗಿಲು ತಟ್ಟಿ ಒಳಗೆ ಹೋಗುವ ಪದ್ಧತಿ ಇರಲಿಲ್ಲ. ಕಿಂಡಿಯಲ್ಲಿ ಇಣುಕಿ ಕೀಲಿ ತಿರುಗಿಸುತ್ತಿದ್ದೆವು, ಅಷ್ಟೆ. ಅದು ವಿಚಾರಣೆಗೆ ಕಾಯುವವರ ಜೈಲು. ಜನ ಬರುತ್ತಿದ್ದರು, ಹೋಗುತ್ತಿದ್ದರು. ಮುಖಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ.

ನಿಂತದ್ದು ಒಂದು ಮುಖ. ಐವತ್ತರ ಆಸುಪಾಸಿನ ಟ್ರಕ್ ಡ್ರೈವರ್. ನಿದ್ದೆಗಣ್ಣಿನಲ್ಲಿ ಓಡಿಸುತ್ತಾ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳಿಗೆ ಗುದ್ದಿ, ಹೆದರಿ ನಿಲ್ಲಿಸದೆ ಹೋಗಿದ್ದರು. ಅವಳು ರಸ್ತೆಯಲ್ಲೇ ಪ್ರಾಣ ಬಿಟ್ಟಿದ್ದಳು. ನನ್ನ ಇಂಗ್ಲಿಷ್ ಕೇಳಿಯೇ ಅವರು ಊರು ಕಂಡುಹಿಡಿದರು.

"ಸರ್, ನೀವು ಮಂಗಳೂರು ಕಡೆಯವರಲ್ಲವಾ?"

ಅವರ ಮನೆಮಾತು ತುಳು, ನನ್ನದು ಕೊಂಕಣಿ. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲಿ.

ಕೆಲವು ದಿನಗಳಲ್ಲಿ ಜೊತೆಯ ಆಫೀಸರ್ ಒಬ್ಬಳು ಬಂದು, ಆತ ಮಧ್ಯಾಹ್ನದ ಊಟ ಮುಟ್ಟುತ್ತಿಲ್ಲ, ಉಪವಾಸ ಹೂಡಿರಬೇಕು ಎಂದಳು. ನಾನು ಹೋಗಿ ನೋಡಿದೆ. ಮೂಲೆಯಲ್ಲಿ, ಒರೆಸಿದ ನೆಲದ ಮೇಲೆ ಅರ್ಧ ಸ್ಯಾಂಡ್‌ವಿಚ್, ಒಂದು ಸೇಬು, ಒಂದು ಲೋಟ ನೀರು ಇದ್ದವು. ಅವರು ಗೋಡೆಗೆ ಮುಖ ಮಾಡಿ ಕೂತಿದ್ದರು.

"ಇದೆಂಥದು?" ಎಂದೆ.

"ಆ ಸೈಕಲ್ಲಿನ ಹೆಂಗಸಿಗೆ ಬಡಿಸಿದ್ದು ಸರ್. ಬಂದ ದಿನದಿಂದ ಇಲ್ಲೇ ಇದ್ದಾಳೆ. ಹಸಿದಿದ್ದಾಳೆ." ಬಾಗಿಲ ಕಡೆಗೆ ಕೈ ತೋರಿಸಿದರು. "ನಾನು ಹೊರಗೆ ನಿಂತು ಬಾಗಿಲು ಹಾಕಬೇಕಿತ್ತು. ಇಲ್ಲಿ ಹಾಗೆ ಆಗುವುದಿಲ್ಲವಲ್ಲ. ನೀವು ತೆಗೆಯುವ ಮೊದಲು ಒಮ್ಮೆ ತಟ್ಟಿ. ಉಣ್ಣುವಾಗ ಒಮ್ಮೆಲೇ ನುಗ್ಗಬಾರದು. ಅವಳದ್ದಾದ ಮೇಲೆ ನನ್ನ ಪಾಲು ನಾನು ತಿನ್ನುತ್ತೇನೆ."

ನಾನು ಕ್ರೈಸ್ತ, ಇಗರ್ಜಿಗೆ ಹೋಗುವವನು. ಆದರೆ ಸಣ್ಣವನಿದ್ದಾಗ ನೆರೆಮನೆಯಲ್ಲಿ ಸತ್ತವರಿಗೆ ಎಲೆ ಹಾಕಿ, ಬಡಿಸಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಜಗಲಿಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುವುದನ್ನು ಕಂಡಿದ್ದೆ. ಹಿರಿಯರೊಬ್ಬರು ಬಾಗಿಲು ತಟ್ಟಿದ ಮೇಲೆಯೇ ಎಲ್ಲರೂ ಒಳಗೆ ಹೋಗುತ್ತಿದ್ದರು. ಆದರೆ ಅವರು ಬಡಿಸುತ್ತಿದ್ದದ್ದು ತಮ್ಮ ಮನೆಯವರಿಗೆ.

ಜೈಲಿನ ನರ್ಸ್‌ಗೆ ಎಲ್ಲವನ್ನೂ ವಿವರಿಸಿದೆ. ಅವಳು ನಗಲಿಲ್ಲ. "ಆಮೇಲೆ ತಾನು ತಿನ್ನುತ್ತಾನಾ?" ಎಂದು ಕೇಳಿದಳು. ತಿನ್ನುತ್ತಾರೆ ಎಂದೆ. "ಹಾಗಾದರೆ ತಟ್ಟು. ನಾನೂ ದಿನಾ ಬಂದು ನೋಡುತ್ತೇನೆ."

ಅಂದಿನಿಂದ ಕಿಂಡಿಯಲ್ಲಿ ಇಣುಕಿ, ಅವರು ಕ್ಷೇಮವಾಗಿರುವುದನ್ನು ಕಂಡು, ಬೆರಳ ಗಂಟಿನಿಂದ ಆ ಕಬ್ಬಿಣದ ಬಾಗಿಲು ತಟ್ಟುತ್ತಿದ್ದೆ. ಜೊತೆಯವರು ಮೊದಮೊದಲು ತಮಾಷೆ ಮಾಡಿದರು, ಆಮೇಲೆ ಸುಮ್ಮನಾದರು. ತಟ್ಟುವುದಕ್ಕೂ ಕೀಲಿ ತಿರುಗಿಸುವುದಕ್ಕೂ ನಡುವೆ ಒಂದು ಗಳಿಗೆ ಕಾಯಬೇಕಲ್ಲ, ಆ ಗಳಿಗೆಯೇ ನನ್ನನ್ನು ಹಿಡಿದುಕೊಂಡಿತು. ಒಳಗೆ ಯಾರೋ ಏಳುತ್ತಿದ್ದಾರೆ ಅನಿಸುತ್ತಿತ್ತು. ಒಳಗೆ ಹೋದರೆ ಅವರೊಬ್ಬರೇ. ಮೂಲೆಯಲ್ಲಿಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು. ಅದನ್ನು ಕಸದ ಚೀಲಕ್ಕೆ ಹಾಕಬೇಕಾದವನು ನಾನು. ಅವಳ ಎಲೆಯನ್ನೇ ಎತ್ತಿದಂತೆ ಕೈ ಹಿಂಜರಿಯುತ್ತಿತ್ತು.

ಅವರು ತಪ್ಪೊಪ್ಪಿಕೊಂಡರು. ಶಿಕ್ಷೆಯಾಗಿ ಬೇರೆ ಜೈಲಿಗೆ ಹೋದರು. ಆ ಸೆಲ್‌ಗೆ ಬೇರೆಯವರು ಬಂದರು. ಆದರೂ ಆ ಬಾಗಿಲ ಮುಂದೆ ನನ್ನ ಕೈ ತಾನಾಗಿ ಮೇಲೇಳುತ್ತಿತ್ತು.

ವರ್ಷಗಳ ನಂತರ ನನ್ನ ಹೆಂಡತಿಗೆ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕೆಲಸ ಸಿಕ್ಕಿತು. ನಾನು ಜೈಲಿನ ಕೆಲಸ ಬಿಟ್ಟೆ, ಇಬ್ಬರೂ ಅಲ್ಲಿಗೆ ಬಂದೆವು. ಹತ್ತಿರದ ಕ್ವೇಕರ್ಸ್ ಹಿಲ್‌ನ ಇಂಡಿಯನ್ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಹೆಂಗಸೊಬ್ಬರು ನನ್ನನ್ನೇ ನೋಡುತ್ತಾ ನಿಂತರು. ಗಂಡನನ್ನು ನೋಡಲು ಜೈಲಿನ ವಿಸಿಟ್‌ಗೆ ಬರುತ್ತಿದ್ದ, ಆ ಟ್ರಕ್ ಡ್ರೈವರ್‌ನ ಹೆಂಡತಿ.

"ಅವರನ್ನು ಬಿಟ್ಟರು. ಈಗ ಇಲ್ಲಿ ನನ್ನ ತಂಗಿ ಮನೆಯಲ್ಲಿದ್ದೇವೆ," ಎಂದರು ತಗ್ಗಿದ ದನಿಯಲ್ಲಿ. "ದಿನಾ ಗರಾಜಿನಲ್ಲಿ ಒಂದು ತಟ್ಟೆ ಬಡಿಸಿಡ್ತಾರೆ. ಯಾರಿಗೆ ಅಂತ ಕೇಳಿದ್ರೆ ಮಾತಾಡುವುದಿಲ್ಲ. ನಿಮ್ಮಲ್ಲಿ ಎಂತಾದ್ರೂ ಹೇಳಿದ್ದುಂಟಾ?"

ಕೈದಿಗಳ ವಿಷಯ ಹೊರಗೆ ಹೇಳಬಾರದು. ಆದರೂ ಹೇಳಿದೆ. ಬೇಳೆಯ ಚೀಲಗಳ ಪಕ್ಕದಲ್ಲಿ ನಿಂತು ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಅವಳಿಗಾ?" ಎಂದರು ಕೊನೆಗೆ. "ನಾನು ಎಷ್ಟು ಸಲ ಆ ತಟ್ಟೆ ಎತ್ತಿ ಬಿಸಾಡಿದ್ದೇನೆ."

"ನಾನೂ ಅಷ್ಟೇ ಅಮ್ಮ," ಎಂದೆ.

ಅವರ ಸಾಮಾನಿನ ಚೀಲ ಹಿಡಿದು ಜೊತೆಗೆ ಹೊರಗೆ ಬಂದೆ. ಅವರ ಗಂಡ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಕೂತಿದ್ದರು. ಈಗ ಸ್ಟಿಯರಿಂಗ್ ಮುಟ್ಟುವುದಿಲ್ಲವಂತೆ. ನನ್ನ ಗುರುತು ಹಿಡಿದು ತಲೆ ಆಡಿಸಿದರು. ಅವರ ಪಕ್ಕದ ಖಾಲಿ ಸೀಟಿನಲ್ಲಿ ಚೀಲ ಇಡಲು ನಾನು ಆ ಕಡೆಯ ಬಾಗಿಲಿಗೆ ಕೈ ಹಾಕಿದೆ.

"ಅಲ್ಲಿ ಬೇಡ ಸರ್," ಎಂದರು ಮೆಲ್ಲಗೆ. "ಡಿಕ್ಕಿಯಲ್ಲಿ ಇಡಿ."

ಅವರ ಹೆಂಡತಿ ಆ ಸೀಟಿನತ್ತ ಒಮ್ಮೆ ನೋಡಿ, ಡಿಕ್ಕಿ ತೆರೆದರು.