ಸಿಂಥಸೈಜರುಗಳಿದ್ದ ಕೋಣೆ

ಹುಕ್ಕೇರಿಯ ಆರ್ಕೆಸ್ಟ್ರಾ ಒಂದು ಮುಚ್ಚುತ್ತಿದೆ, ವಾದ್ಯಗಳನ್ನು ಮಾರುತ್ತಿದೆಯೆಂಬ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಕಾಲೇಜಿನ ಸ್ಟಾಫ್ ರೂಮಿನಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ನಾನು ಗೋಕಾಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ವರ್ಷಕ್ಕೊಮ್ಮೆ ಗ್ಯಾದರಿಂಗಿನಲ್ಲಿ ಹುಡುಗಿಯರ ಸ್ವಾಗತಗೀತೆಗೆ ಹಾರ್ಮೋನಿಯಂ ಬಾರಿಸುತ್ತಿದ್ದೆ. ಅಷ್ಟರಿಂದಲೇ ಊರವರು ನನ್ನನ್ನು ಸಂಗೀತ ಬಲ್ಲವನೆಂದು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ರವಿವಾರ ಬಸ್ಸು ಹತ್ತಿ ಹುಕ್ಕೇರಿಗೆ ಹೋದೆ. ಆರ್ಕೆಸ್ಟ್ರಾದ ಮಾಲಕರ ಪಡಸಾಲೆಯಲ್ಲಿ ಮೈಕಿನ ಕೋಲುಗಳು ಕಟ್ಟಿಗೆಯ ಹೊರೆಯಂತೆ ಗೋಡೆಗೆ ಒರಗಿದ್ದವು. ಅವರು ಹಳೆಯ ಸೀರೆ ಸುತ್ತಿದ್ದ ಕೀಬೋರ್ಡನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದರು.

“ಸರ್, ಇದೊಂದ ಇದ್ರ ಸಾಕ್ರಿ. ಪಿಟೀಲಿನಾವ ಬ್ಯಾಡ, ಕೊಳಲಿನಾವ ಬ್ಯಾಡ, ತಬಲಾದಾವನೂ ಬ್ಯಾಡ. ಎಲ್ಲಾ ಇದರಾಗ ಐತಿ.”

“ಮತ್ತ ಆರ್ಕೆಸ್ಟ್ರಾ ಯಾಕ ಮುಚ್ಚಾಕತ್ತೀರಿ?”

“ಅದನ್ನ ಹೇಳಾಕತ್ತೇನಿ. ಇದು ಬಂದ ಮ್ಯಾಲ ಅವರನ್ನೆಲ್ಲಾ ಬಿಡಿಸಿದೆ. ಉಳದಾವ ಇದನ್ನ ಬಾರಸಾವ ಒಬ್ಬನ. ಅಂವಾ ನಮ್ಮ ಹಾಡೂ ಹುಡುಗಿನ್ನ ಲಗ್ನ ಆಗಿ ಪುಣೆಕ್ಕ ಹ್ವಾದ.”

ಯಂತ್ರವೊಂದರ ಪ್ರಯೋಜನವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾನು ಅದನ್ನು ಕೊಂಡೆ. ಮರಳಿ ಬರುವಾಗ ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲಷ್ಟೇ ಹಿಡಿಸಲಿಲ್ಲ, ಪಕ್ಕದಲ್ಲಿದ್ದ ಗಂಡಹೆಂಡಿರಿಬ್ಬರ ತೊಡೆಯ ಮೇಲೂ ಮಲಗಿಕೊಂಡು ಬಂತು.

ನನ್ನ ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮಕ್ಕಳು ತೋರಿಸಿದ್ದನ್ನೆಲ್ಲ ತಾಳ್ಮೆಯಿಂದ ನೋಡಿ ರೂಢಿಯಾದವಳು. ಪಿಟೀಲು, ಕೊಳಲು, ಗಿಟಾರು, ಕೊನೆಗೆ ನಾಯಿ ಬೊಗಳುವ ಸದ್ದು, ಎಲ್ಲ ಕೇಳಿ, “ಚಲೋ ಐತ್ರಿ” ಎಂದು ಅಡುಗೆಮನೆಗೆ ಹೋದಳು. ಅದು ಆಕೆ ಎರಡನೆಯ ಇಯತ್ತೆಯ ಹುಡುಗರ ಚಿತ್ರಗಳಿಗೆ ಹೇಳುವ ಮಾತು.

ವರ್ಷ ಕಳೆಯುವಷ್ಟರಲ್ಲಿ ಅದರ ಪಿಟೀಲು ನನಗೆ ಸೊಳ್ಳೆಯ ಹಾಗೆ ಕೇಳತೊಡಗಿತು. ದೋಷ ನನ್ನ ಬೆರಳುಗಳಲ್ಲಿ ಇರಬಹುದೆಂದು ಯಾರೂ ಹೇಳಲಿಲ್ಲ. ಮುಂಬೈಯಿಂದ ಎರಡನೆಯದನ್ನು ತರಿಸಿದೆ. ಇದರಲ್ಲಿ ಸಿದ್ಧ ಪಿಟೀಲು, ಕೊಳಲು ಇರಲಿಲ್ಲ. ಸಾಲುಸಾಲಾಗಿ ತಿರುಪುಗಳಿದ್ದವು. ಅವನ್ನು ತಿರುವಿ ಬೇಕಾದ ಸದ್ದನ್ನು ನಾವೇ ಮಾಡಿಕೊಳ್ಳಬೇಕು. ಅದು ಘಟಪ್ರಭಾ ಸ್ಟೇಶನ್ನಿಗೆ ಬಂದಾಗ ಪಾರ್ಸೆಲ್ಲಿನ ಗುಮಾಸ್ತರು, “ಇದು ಏನ್ರಿ?” ಎಂದು ಕೇಳಿದರು. ಸಿಂಥಸೈಜರ್ ಅಂದೆ. ಅವರ ಮುಖ ನೋಡಿ, ವಿದ್ಯುತ್ ಕಂಪನ ಹೇಗೆ ನಾದವಾಗುತ್ತದೆಂಬುದನ್ನು ತರಗತಿಯಲ್ಲಿ ಹೇಳುವುದಕ್ಕಿಂತ ಚೆನ್ನಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿ, ತಲೆಯಾಡಿಸಿ, ‘ಹಾರ್ಮೋನಿಯಂ’ ಎಂದು ಬರೆದುಕೊಂಡರು.

ಮೂರನೆಯದು ಬರೀ ಪೆಟ್ಟಿಗೆ. ಅದಕ್ಕೆ ಬೆರಳಿಟ್ಟು ನುಡಿಸುವ ಕೀಲಿಗಳೇ ಇರಲಿಲ್ಲ. ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಬಾರಸೂ ಪಟ್ಟಿ ಎಲ್ಲೈತ್ರಿ?”

“ಇದಕ್ಕ ಪಟ್ಟಿ ಇರೂದಿಲ್ಲ. ವಾಯರ್ ಹಚ್ಚಿ ಆ ಇನ್ನೊಂದರಿಂದ ಬಾರಸಬೇಕು.”

“ಹಂಗಾರ ಆ ಇನ್ನೊಂದನ್ನ ಬಾರಸಬಹುದಲ್ರಿ.”

ಇದಕ್ಕೆ ಶಾಸ್ತ್ರೀಯವಾದ ಉತ್ತರವಿದೆ. ಆದರೆ ನಾನು ವಾಯರ್ ಬಿಡಿಸುತ್ತ ಕೂತೆ.

ಮೂರು ಯಂತ್ರಗಳಾದ ಮೇಲೆ ಅವುಗಳಿದ್ದ ಪಕ್ಕದ ಕೋಣೆಯನ್ನು ನಾನು ಸ್ಟುಡಿಯೋ ಎಂದು ಕರೆಯಲಾರಂಭಿಸಿದೆ. ಉಳಿದವರು ‘ಆ ಖೋಲಿ’ ಎನ್ನುತ್ತಿದ್ದರು. ಗೋಡೆಗಳು ಸದ್ದನ್ನು ವಾಪಸು ಎಸೆಯುತ್ತಿದ್ದವು. ಅದಕ್ಕೆ ತತ್ತಿಯ ಟ್ರೇ ಬಡಿಯಬೇಕೆಂದು ಎಲ್ಲೋ ಓದಿದ್ದೆ. ಸಂತೆಯ ವ್ಯಾಪಾರಿಯೊಬ್ಬನಿಂದ ತಂದು ಒಂದು ಗೋಡೆ ಪೂರ್ತಿ ಮುಚ್ಚಿದೆ. ನಾವಿದ್ದದ್ದು ಬಾಡಿಗೆ ಮನೆ. ಮಾಲಕರು ಜೈನರು, ಕಾಳಿನ ವ್ಯಾಪಾರಸ್ಥರು, ಸಂಜೆಯಾಗುವುದರೊಳಗೆ ಊಟ ಮುಗಿಸುವವರು. ನಳದ ರಿಪೇರಿ ನೋಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

“ಸರ್… ನಮ್ಮ ಮನ್ಯಾಗ ತತ್ತಿ?”

“ಖಾಲಿ ಟ್ರೇ ಅದಾವ್ರಿ. ಆವಾಜಿನ ಸಲುವಾಗಿ.”

“ಖಾಲಿ ಖರೆ. ತತ್ತಿ ಎಲ್ಲಿ ಹೋದುವು?”

ತಿಂದವರು ನಾವಲ್ಲವೆಂದು ಸಾಬೀತು ಮಾಡುವುದು ಹೇಗೆ? ಟ್ರೇಗಳನ್ನು ಅಂದೇ ಕಿತ್ತು ಹಾಕಿದೆ. ಮಮದಾಪುರದಲ್ಲಿದ್ದ ನಮ್ಮ ಅತ್ತೆ, ಹೆಂಡತಿಯ ತಾಯಿ, ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ಕೌದಿಗಳು ಮನೆಯಲ್ಲಿ ಬೇಕಾದಷ್ಟಿದ್ದವು. ಅವನ್ನೇ ಗೋಡೆಗೆ ತೂಗುಹಾಕಿದೆ. ಸದ್ದು ಮೆತ್ತಗಾಯಿತು. ಆದರೆ ಚಳಿ ಶುರುವಾದೊಡನೆ ಮನೆಯವರು ಹೊದ್ದುಕೊಳ್ಳಲು ಒಂದೊಂದಾಗಿ ಕೌದಿ ಇಳಿಸಿಕೊಂಡು ಹೋದರು. ಮಾರ್ಗಶಿರದಿಂದ ಶಿವರಾತ್ರಿಯವರೆಗೆ ನನ್ನ ಸ್ಟುಡಿಯೋ ಬಾವಿಯಂತೆ ಮಾರ್ದನಿ ಕೊಡುತ್ತಿತ್ತು.

ಇಂಥ ಸ್ಟುಡಿಯೋಗೂ ಒಬ್ಬ ಗಿರಾಕಿ ಬಂದರು. ಮೂಡಲಗಿಯ ಬಟ್ಟೆ ಅಂಗಡಿಯವರು. ದೀಪಾವಳಿಗೆ ಸೀರೆಗಳ ಜಾಹೀರಾತನ್ನು ಆಟೋದಲ್ಲಿ ಕೂಗಿಸುವುದಿತ್ತು. ಮಾತಿನ ಹಿಂದೆ ಸಂಗೀತ ಬೇಕೆಂದರು. ಮೂರೂ ಯಂತ್ರಗಳನ್ನು ಒಂದರೊಳಗೊಂದು ಜೋಡಿಸಿ, ಪದರದ ಮೇಲೆ ಪದರ ಕೂಡಿಸಿ, ಕರೆಂಟು ಹೋಗಿ ಬಂದಾಗಲೆಲ್ಲ ಮತ್ತೆ ಮೊದಲಿನಿಂದ ಮಾಡಿ, ಕೊನೆಗೊಂದು ಕ್ಯಾಸೆಟ್ ಸಿದ್ಧಪಡಿಸಿದೆ. ಅಂಗಡಿಯವರು ಕಣ್ಣುಮುಚ್ಚಿ ಕೇಳಿದರು. ನನಗೆ ಹೆಮ್ಮೆಯೆನಿಸಿತು.

“ಭಾಳ ಭಾರಿ ಐತ್ರಿ ಸರ್. ಆದ್ರ ಇದನ್ನ ಹಚಗೊಂಡ ಕಲ್ಲೋಳಿಗೆ ಹ್ವಾದ್ರ, ಯಾರೋ ದೊಡ್ಡ ಮನಶ್ಯಾ ತೀರಕೊಂಡಾನ ಅಂತ ಮಂದಿ ಅಂಗಡಿ ಮುಚ್ಚತಾರು.”

ಹೊರಡುವಾಗ ಅವರ ಕೈ ತಗುಲಿ ಹುಕ್ಕೇರಿಯ ಕೀಬೋರ್ಡಿನ ‘ಡೆಮೋ’ ಗುಂಡಿ ಒತ್ತಿತು. ಕಂಪನಿಯವರೇ ತುಂಬಿಟ್ಟಿದ್ದ ಕುಣಿತದ ತಾಳ ಶುರುವಾಯಿತು. “ಇದು! ಇದ ಬೇಕಾಗಿತ್ತ ನೋಡ್ರಿ!” ಎಂದರು. ಆ ದೀಪಾವಳಿಗೆ ಮೂಡಲಗಿಯ ಓಣಿ ಓಣಿಯಲ್ಲಿ ಅದೇ ಕೇಳಿಸಿತು. ನನ್ನನ್ನು ಕಂಡವರೆಲ್ಲ ಬಹಳ ಚಲೋ ಬಾರಿಸಿದ್ದೀರೆಂದು ಹೊಗಳಿದರು. ನಾನು ಆಗಲೆಂದು ತಲೆ ಬಾಗಿಸಿದೆ.

ಎರಡು ವರ್ಷದ ನಂತರ ಅತ್ತೆಗೆ ಕಣ್ಣಿನ ಪೊರೆಯ ಆಪರೇಶನ್ ಆಯಿತು, ಘಟಪ್ರಭಾದಲ್ಲಿ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ ಇನ್ನೂ ಇತ್ತು. ಕೆಲವು ತಿಂಗಳು ನಮ್ಮಲ್ಲೇ ಇರಬೇಕೆಂದಾಯಿತು. ಇರುವುದೆಲ್ಲಿ? ಹೆಂಡತಿ ‘ಆ ಖೋಲಿ’ಯ ಗೋಡೆಯಗುಂಟ ಮಂಚಕ್ಕೆ ಬೇಕಾದ ಜಾಗವನ್ನು ಗೇಣಿನಿಂದ ಅಳೆದಳು.

ಯಂತ್ರಗಳನ್ನು ಮಾರಲು ಹೊರಟೆ. ಕೀಲಿಗಳಿಲ್ಲದ ಪೆಟ್ಟಿಗೆಯನ್ನು ಕೊಲ್ಹಾಪುರದ ಸ್ಟುಡಿಯೋದವನೊಬ್ಬ ಒಯ್ದ. ಪಟ್ಟಿ ಎಲ್ಲಿ ಎಂದು ಕೇಳದ ಮೊದಲ ಮನುಷ್ಯ ಅವನು. ನನಗೆ ಅವನನ್ನು ಊಟಕ್ಕೆ ನಿಲ್ಲಿಸಿಕೊಳ್ಳಬೇಕೆನ್ನಿಸಿತು. ಇನ್ನು ತಿರುಪುಗಳದ್ದನ್ನು ನೋಡಲು ಮದುವೆ ಬ್ಯಾಂಡಿನ ಮಾಸ್ತರರೊಬ್ಬರು ಬಂದರು. ಅತ್ತೆ ಆಗಲೇ ಮಂಚದ ಮೇಲೆ ಮಲಗಿದ್ದರು. ಮಾಸ್ತರರು ಕೇಳಿದ್ದು ಒಂದೇ: “ಶಹನಾಯಿ ಐತೇನ್ರಿ?” ಇಲ್ಲ, ಆದರೆ ಮಾಡಿಕೊಳ್ಳಬಹುದು ಎಂದು ಒಂದೊಂದೇ ತಿರುಪು ತಿರುವುತ್ತ ಹೋದೆ. ಶಹನಾಯಿಯ ಬದಲು ಸೋ… ಎಂಬ ಸದ್ದು ಬಂತು. ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು.

ಅತ್ತೆ ತಟ್ಟನೆ ಎದ್ದು ಕೂತರು. “ಕಾಲಿವಿಗೆ ನೀರ ಬಿಟ್ರೇನ?”

“ಕಾಲಿವಿ ಅಲ್ರಿ ಅತ್ತಿ. ಸಮುದ್ರ ಇದ್ದಂಗ ಐತಿ ನೋಡ್ರಿ, ತೆರಿ ಬರತಾವಲ್ಲ, ಹಂಗ.”

ಅವರು ಸಮುದ್ರ ನೋಡಿದವರಲ್ಲ. ಪಟ್ಟಿ ಕಟ್ಟಿದ ಮುಖವನ್ನು ಸದ್ದಿನ ಕಡೆ ತಿರುಗಿಸಿ ಬಹಳ ಹೊತ್ತು ಕೇಳಿದರು. “ಇಷ್ಟ ನೀರ ಐತೇನ ಅಲ್ಲಿ! ಬಂದ ಮಾಡಬ್ಯಾಡ್ರಿ ಅಳಿಯಾರ, ಇರಲಿ.”

ಬ್ಯಾಂಡಿನ ಮಾಸ್ತರರು ಮೆರವಣಿಗೆಯಲ್ಲಿ ಸಮುದ್ರದಿಂದ ಉಪಯೋಗವಿಲ್ಲವೆಂದು ಹುಕ್ಕೇರಿಯ ಕೀಬೋರ್ಡನ್ನೇ ಎತ್ತಿಕೊಂಡು ಹೋದರು. ಹೀಗೆ ಮೂರರಲ್ಲಿ ಒಂದು ಉಳಿಯಿತು. ಅದು ಉಳಿದದ್ದು ನನ್ನ ಸಲುವಾಗಿ ಅಲ್ಲ.

ದಿನಾಲೂ ಮಧ್ಯಾಹ್ನ ನಾನು ಕಾಲೇಜಿನಿಂದ ಬಂದೊಡನೆ ಅತ್ತೆ, “ಸಮುದ್ರ ಹಚ್ಚರಿ” ಅನ್ನುತ್ತಿದ್ದರು. ಹಚ್ಚುತ್ತಿದ್ದೆ. ಒಂದು ದಿನ, ಹೇಗೂ ಇಷ್ಟು ಒಳ್ಳೆಯ ಶ್ರೋತೃ ಸಿಕ್ಕಿದ್ದಾರೆಂದು, ತೆರೆಗಳ ಮೇಲೆ ನಿಧಾನವಾಗಿ ಒಂದು ರಾಗ ನುಡಿಸತೊಡಗಿದೆ. ಅವರು ಅಂದರು:

“ಅಳಿಯಾರ, ಸಿಟ್ಟ ಆಗಬ್ಯಾಡ್ರಿ. ನೀವು ಬಾರಸೂದರಾಗ ಸಮುದ್ರ ಕೇಳಸವಲ್ದು.”

ಒಳಗಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು. ನಾನು ಕೀಲಿಗಳಿಂದ ಕೈ ತೆಗೆದೆ. ಮುಂದಿನ ತಕರಾರು ಇನ್ನೂ ಸೂಕ್ಷ್ಮವಾಗಿತ್ತು: ತೆರೆಗಳೆಲ್ಲ ಒಂದೇ ನಮೂನೆ ಬರುತ್ತಿವೆ, ಒಂದು ದೊಡ್ಡದು ಬಂದರೆ ಒಂದು ಸಣ್ಣದು ಬರಬೇಡವೇ? ಆದ್ದರಿಂದ ಯಂತ್ರ ತಾನಾಗಿ ಮಾಡುತ್ತಿದ್ದ ಏರಿಳಿತವನ್ನು ಬಿಡಿಸಿ, ತಿರುಪನ್ನು ಕೈಯಿಂದಲೇ ತಿರುವತೊಡಗಿದೆ. ಒಂದು ತೆರೆಯನ್ನು ಎಲ್ಲಿಯವರೆಗೆ ಎತ್ತಬೇಕು, ಎಲ್ಲಿ ಒಡೆಯಲು ಬಿಡಬೇಕು, ಮುಂದಿನದಕ್ಕೆ ಎಷ್ಟು ತಡೆಯಬೇಕು ಎಂಬುದು ನಿಧಾನವಾಗಿ ಬೆರಳಿಗೆ ತಿಳಿಯಿತು. ಅಷ್ಟು ವರ್ಷ ಆ ಯಂತ್ರಗಳ ಮುಂದೆ ಕೂತಿದ್ದರೂ ಆ ಮಧ್ಯಾಹ್ನಗಳಲ್ಲಿ ಆದಷ್ಟು ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ. ಅತ್ತೆಗೆ ಜೊಂಪು ಹತ್ತಿದ ಮೇಲೂ ತಿರುವುತ್ತಿದ್ದೆ.

ಎರಡೂ ಕಣ್ಣು ಸರಿಯಾಗಿ ಅವರು ಊರಿಗೆ ಹೊರಟಾಗ ಸಮುದ್ರವನ್ನು ಕ್ಯಾಸೆಟ್ಟಿಗೆ ತುಂಬಿ ಕೊಡಿರೆಂದರು. ಎರಡೂ ಬದಿ ತುಂಬಿದೆ. ನನ್ನ ಸ್ಟುಡಿಯೋದಿಂದ ಆದಿಯಿಂದ ಅಂತ್ಯದವರೆಗೆ ಪೂರ್ಣಗೊಂಡು ಹೊರಬಂದ, ನಾನೇ ನುಡಿಸಿದ ಧ್ವನಿಮುದ್ರಣ ಇದೊಂದೇ.

ಶೇಂಗಾ ಕಿತ್ತ ಮೇಲೆ ಮಮದಾಪುರಕ್ಕೆ ಹೋದೆವು. ಅಂಗಳದಲ್ಲಿ ಅತ್ತೆ, ನೆರೆಮನೆಯ ಹೆಂಗಸರು ಕೂತು ಶೇಂಗಾ ಸುಲಿಯುತ್ತಿದ್ದರು. ಕಟ್ಟೆಯ ಮೇಲಿನ ಟೇಪ್ ರೆಕಾರ್ಡರಿನಲ್ಲಿ ತೆರೆಗಳು ಬಂದು ಬಂದು ಒಡೆಯುತ್ತಿದ್ದವು.

“ಎರಡನೇ ಬಾಜೂ ಚಲೋ ಐತ್ರಿ ಅಳಿಯಾರ,” ಎಂದರು ಅತ್ತೆ. “ಮೊದಲನೇದರಾಗ ಅವಸರ ಮಾಡೀರಿ.”

ಮಾತು ಖರೆಯಾಗಿತ್ತು. ಮೊದಲನೆಯ ಬದಿ ತುಂಬುವಾಗ ಕರೆಂಟು ಯಾವಾಗ ಹೋಗುತ್ತದೋ ಎಂಬ ಗಾಬರಿ ನನ್ನಲ್ಲಿತ್ತು.

ನೆರೆಮನೆಯಾಕೆ ಕೈಯಲ್ಲಿದ್ದ ಕಾಯಿ ಒಡೆಯುತ್ತ ಕೇಳಿದಳು: “ಇದು ಗೋವಾದ್ದೇನ್ರಿ, ಮುಂಬೈದ್ದೇನ್ರಿ?”

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಉತ್ತರ ಕೊಟ್ಟರು.

“ಯಾವುದೂ ಅಲ್ಲ. ನಮ್ಮ ಅಳಿಯಾರದು.”