ಎಡಜೇಬಿನ ಲೈಟರ್

ನನ್ನ ಬಳಿ ಎರಡು ಲೈಟರ್‌ಗಳಿದ್ದವು. ಜುಬ್ಬಾದ ಬಲಜೇಬಿನಲ್ಲಿದ್ದದ್ದು ಒಂದೇ ಗೀರಿಗೆ ಹತ್ತುತ್ತಿತ್ತು. ಎಡಜೇಬಿನಲ್ಲಿದ್ದದ್ದು ಎಷ್ಟು ಒತ್ತಿದರೂ ಹತ್ತುತ್ತಿರಲಿಲ್ಲ — ಹತ್ತುವುದಿಲ್ಲವೆಂದು ಗೊತ್ತಿದ್ದೇ ಅದನ್ನು ಇಟ್ಟುಕೊಂಡಿದ್ದೆ. ಆ ಹತ್ತದ ಲೈಟರನ್ನು ಕೈಯಲ್ಲಿ ಹಿಡಿದು, ಎಂಟು ವರ್ಷದ ಹಿಂದೆ ಹರದನಹಳ್ಳಿಯ ಸಾಕಮ್ಮನಿಗೆ, ಅವಳ ಮಗಳ ಧಾರೆಗೆಂದು, ರೇಷ್ಮೆಯಲ್ಲದ ಸೀರೆಯನ್ನು ರೇಷ್ಮೆಯೆಂದು ಮಾರಿದೆ. ತಪ್ಪು ಇಷ್ಟೇ. ಇಷ್ಟನ್ನು ಬಾಯಿಬಿಟ್ಟು ಹೇಳಲು ಎಂಟು ವರ್ಷ ಹಿಡಿಯಿತು.

ಬೀಡಿ ಸಿಗರೇಟು ಮುಟ್ಟದವನಿಗೆ ಲೈಟರ್ ಯಾಕೆ ಎಂದು ನೀವು ಕೇಳಬಹುದು. ನಾನು ಮೂವತ್ತು ವರ್ಷ ಮೊಪೆಡ್ಡಿನ ಹಿಂದೆ ಗಂಟು ಕಟ್ಟಿಕೊಂಡು ಚಾಮರಾಜನಗರ, ಗುಂಡ್ಲುಪೇಟೆ, ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆ ಸೀರೆ ಮಾರಿದವನು. ಸೆರಗಿನ ತುದಿಯಿಂದ ಒಂದೆಳೆ ಎಳೆದು ಸುಟ್ಟರೆ ಸೀರೆಯ ಜಾತಕ ತಿಳಿಯುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಲ್ಲದಿದ್ದರೆ ಕರಗಿ ಸಾಸಿವೆಯಂತೆ ಗಟ್ಟಿ ಗಂಟಾಗುತ್ತದೆ, ಪ್ಲಾಸ್ಟಿಕ್ ವಾಸನೆ. ಗಿರಾಕಿಯ ಮುಂದೆಯೇ ಸುಟ್ಟು, ಗಿರಾಕಿಯ ಮೂಗಿಗೇ ಹಿಡಿಯುತ್ತಿದ್ದೆ. ಜನ ನನ್ನ ಹೆಸರನ್ನೇ ಮರೆತು ಲೈಟರಣ್ಣ ಎಂದು ಕರೆದರು. ಆ ಹೆಸರಿನ ಮೇಲೆ ನನಗಿದ್ದ ಜಂಬ — ಅದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಬೆಂಕಿಕಡ್ಡಿ ಆಗುವುದಿಲ್ಲ, ಮದ್ದಿನ ವಾಸನೆ ಎಳೆಯ ವಾಸನೆಯನ್ನು ನುಂಗಿಬಿಡುತ್ತದೆ. ಹಾಗಾಗಿ ಲೈಟರ್ ಆರಿಸುವುದರಲ್ಲಿ ನಾನು ಹೆಣ್ಣು ನೋಡಲು ಹೋದವರಿಗಿಂತ ಹೆಚ್ಚು ತಕರಾರು ಮಾಡುತ್ತಿದ್ದೆ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಬಳಿ ಕೇರಳದವರೊಬ್ಬರ ಅಂಗಡಿಯಿತ್ತು, ಎಲ್ಲರೂ ಕಾಕನ ಅಂಗಡಿ ಎನ್ನುತ್ತಿದ್ದರು. ಅಲ್ಲಿ ಹತ್ತು ಲೈಟರ್ ಹರಡಿಸಿ ಒಂದು ಕೊಳ್ಳುತ್ತಿದ್ದೆ. ಪೆಟ್ರೋಲ್ ತುಂಬಿಸುವಂಥದ್ದು ನೋಡಲು ದೊಡ್ಡಸ್ತಿಕೆ, ಆದರೆ ನಾಲ್ಕು ದಿನ ಜೇಬಿನಲ್ಲಿ ಸುಮ್ಮನಿದ್ದರೂ ಆರಿ ಖಾಲಿಯಾಗುತ್ತದೆ. ನೀಲಿ ಉರಿ ಬುಸ್ಸೆನ್ನುವಂಥದ್ದು ಎಳೆಯನ್ನು ಕ್ಷಣದಲ್ಲಿ ಇಲ್ಲವಾಗಿಸುತ್ತದೆ, ಮೂಸಲು ಏನೂ ಉಳಿಯುವುದಿಲ್ಲ. ಬಟನ್ ಒತ್ತುವಂಥದ್ದು ಥಂಡಿಗೆ ಕೈಕೊಡುತ್ತದೆ. ಹೆಬ್ಬೆರಳಲ್ಲಿ ಚಕ್ರ ತಿರುಗಿಸುವ, ಒಳಗಿನ ಗ್ಯಾಸು ಹೊರಗೆ ಕಾಣುವ, ಸಾದಾ ಪ್ಲಾಸ್ಟಿಕ್ಕಿನದೇ ಸರಿ. ಕಿವಿಯ ಬಳಿ ಹಿಡಿದರೆ ಸುಯ್ಯೆನ್ನಬಾರದು. ಮೂರು ಸಲ ಗೀರಿದರೆ ಮೂರು ಸಲವೂ ಹತ್ತಬೇಕು.

ಕಾಕ ನಗುತ್ತಿದ್ದರು. "ದಿನಾ ಹಚ್ಚೋರಿಗೆ ಯಾವುದಾದ್ರೂ ನಡೀತದೆ ಅಣ್ಣ. ಅಪರೂಪಕ್ಕೆ ಹಚ್ಚೋರಿಗೇ ಒಳ್ಳೇದು ಬೇಕು. ಅವರಿಗೆ ಎರಡನೇ ಸಲ ಇರಲ್ಲ."

ಇಷ್ಟೆಲ್ಲ ತಿಳಿದವನು ಒಮ್ಮೆ ಬಣ್ಣಕ್ಕೆ ಮರುಳಾಗಿ ಒಂದು ಕೆಂಪು ಬಟನ್ ಲೈಟರ್ ಕೊಂಡೆ. ತಿಂಗಳಲ್ಲೇ ಸತ್ತಿತು. ಬಿಸಾಡಬೇಕು ಎಂದುಕೊಂಡು ಎಡಜೇಬಿಗೆ ಹಾಕಿದ್ದೆ. ಚಾಮರಾಜನಗರದ ಒಂದು ಮನೆಯಲ್ಲಿ ಮರೆತು ಅದನ್ನೇ ತೆಗೆದೆ. ನಾಲ್ಕು ಸಲ ಒತ್ತಿದೆ, ಹತ್ತಲಿಲ್ಲ. ಆ ಮನೆಯಾಕೆ ನಕ್ಕು ಹೇಳಿದರು: "ಬುಡಣ್ಣ, ನಿಮ್ ಮಾತ್ಗಿಂತ ಬೆಂಕಿ ಎಚ್ಚಾ?" ಸೀರೆ ಕೊಂಡರು. ಅವತ್ತಿನ ಸೀರೆ ಅಪ್ಪಟ ರೇಷ್ಮೆಯೇ, ದೇವರಾಣೆ. ಆದರೆ ನಾನು ಹೊರಬರುವಾಗ ಒಂದು ಪಾಠ ಕಲಿತುಬಿಟ್ಟಿದ್ದೆ — ಸುಡಲು ಹೊರಟವನ ಬೆಂಕಿ ಹತ್ತದಿದ್ದರೆ ಜನ ಅವನನ್ನು ಇನ್ನೂ ಹೆಚ್ಚು ನಂಬುತ್ತಾರೆ. ಆ ಲೈಟರನ್ನು ಅಲ್ಲೇ ಚರಂಡಿಗೆ ಎಸೆದಿದ್ದರೆ... ಎಸೆಯಲಿಲ್ಲ.

ಸಾಕಮ್ಮ ಹರದನಹಳ್ಳಿಯಲ್ಲಿ ತೋಟದ ಕೂಲಿಗೆ ಹೋಗುತ್ತಿದ್ದವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ಜ್ಯೋತಿ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ಧಾರೆ ಸೀರೆಯನ್ನು ತನ್ನ ದುಡಿಮೆಯಲ್ಲೇ ಕೊಳ್ಳಬೇಕೆಂಬುದು ಆ ಹುಡುಗಿಯ ಹಟ. ಅರಿಸಿನ ಬಣ್ಣದ ಒಡಲು, ಕೆಂಪು ಅಂಚು, ಅಂಥದ್ದೇ ಬೇಕು. ಮದುವೆಗೆ ಆರು ದಿನವಿತ್ತು. ನನ್ನ ಗಂಟಿನಲ್ಲಿ ಆ ಬಣ್ಣದ್ದು ಒಂದೇ ಇತ್ತು, ಅದರ ಎಳೆಯನ್ನು ನಾನು ಹಿಂದಿನ ದಿನವೇ ಮನೆಯಲ್ಲಿ ಸುಟ್ಟು ನೋಡಿದ್ದೆ. ಗಂಟು ಕಟ್ಟಿತ್ತು. ಸಗಟು ಅಂಗಡಿಗೆ ವಾಪಸು ಕೊಡಲೆಂದು ಗಂಟಿನಲ್ಲೇ ಬೇರೆ ಇಟ್ಟ ಸೀರೆ ಅದು. ಜ್ಯೋತಿ ಅದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಇಲ್ಲ ಎಂದರೆ ಪೇಟೆಯ ದೊಡ್ಡ ಅಂಗಡಿಗೆ ಹೋಗುತ್ತಾರೆ — ಆ ಹೊಟ್ಟೆಕಿಚ್ಚು. ಹುಡುಗಿಯ ಮುಖ ನೋಡಿ ಮನಸ್ಸು ಕರಗಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ವ್ಯಾಪಾರಿಯ ಮಾತು. ಗಿರಾಕಿ ಕೈತಪ್ಪಬಾರದು ಎಂಬುದಷ್ಟೇ ನಿಜ. ಎಡಜೇಬಿಗೆ ಕೈ ಹಾಕಿದೆ, ನಾಲ್ಕು ಸಲ ಒತ್ತಿದೆ, "ಥತ್, ಇದರ ಮನೆ ಹಾಳಾಗ" ಎಂದೆ.

"ನೀವು ಸುಡೋದೇನ ಬ್ಯಾಡಿ ಲೈಟರಣ್ಣ" ಎಂದಳು ಸಾಕಮ್ಮ. ರೇಷ್ಮೆಯ ಬೆಲೆಯನ್ನೇ ತೆತ್ತಳು.

ಮದುವೆಗೆ ನನ್ನನ್ನೂ ಕರೆದಿದ್ದಳು. ಚಾಮರಾಜನಗರದ ಚೌಲ್ಟ್ರಿ. ಧಾರೆ ಮುಗಿದು ಊಟಕ್ಕೆ ಏಳುವ ಹೊತ್ತಿನಲ್ಲಿ ಗಂಡಿನ ತಾಯಿ, ಗುಂಡ್ಲುಪೇಟೆಯ ದೇವೀರಮ್ಮ, ಸೊಸೆಯ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಸಾಕಮ್ಮ, ನಿಂಗ್ಯಾರೋ ಟೋಪಿ ಹಾಕವ್ರೆ ಕಣವ್ವ. ಇದು ರೇಸ್ಮೆ ಅಲ್ಲ." ಈಗ ನೆನೆದರೆ, ಆ ದನಿಯಲ್ಲಿ ಕೊಂಕಿರಲಿಲ್ಲ. ಕಳವಳವಿತ್ತು. ಆದರೆ ಬೀಗಿತ್ತಿಯ ಮಾತು ನೂರು ಜನರ ನಡುವೆ ಬಿದ್ದರೆ ಯಾರು ಕಳವಳವೆಂದು ತಿಳಿಯುತ್ತಾರೆ? ಸಾಕಮ್ಮನ ಮುಖ ಕೆಂಪಾಯಿತು. "ಲೈಟರಣ್ಣ ಇಲ್ಲೇ ಅವ್ರೆ. ಸುಟ್ಟು ತೋರಿಸ್ತರೆ" ಎಂದಳು.

ಎಲ್ಲರೂ ನನ್ನತ್ತ ತಿರುಗಿದರು. ಎರಡು ಲೈಟರೂ ಮೈಮೇಲಿದ್ದವು. ಕೈ ತಾನಾಗಿ ಎಡಕ್ಕೆ ಹೋಯಿತು ಎನ್ನಲಾರೆ — ಯೋಚಿಸಿ, ತೂಗಿ, ಎಡಕ್ಕೇ ಹಾಕಿದೆ. ಟಕ್, ಟಕ್, ಟಕ್. ಯಾರೋ ನಕ್ಕರು. ಇನ್ಯಾರೋ ಬೆಂಕಿಪೊಟ್ಟಣ ಎಂದರು. ಹಿರಿಯರೊಬ್ಬರು ಗದರಿದರು: "ಧಾರೆಯಾದ ಸೀರೆಗೆ ಬೆಂಕಿ ತೋರಿಸ್ತಿರಾ? ಬುದ್ದಿ ಐತಾ ನಿಮ್ಗೆ?" ಮಾತು ಅಲ್ಲಿಗೆ ನಿಲ್ಲಬೇಕಿತ್ತು. ಸಾಕಮ್ಮ ನಿಲ್ಲಿಸಲಿಲ್ಲ. "ಬಡವ್ರ ಮನೆ ಎಣ್ಣು ಅಂತ ಊನ ಉಡುಕ್ತೀರಾ?" ಎಂದಳು. ದೇವೀರಮ್ಮನೂ ಸೋಲುವ ಹೆಂಗಸಲ್ಲ. "ಆಯ್ತು, ನಾನೇ ಸುಳ್ಳಿ. ಸುಳ್ಳಿ ಮನೆ ಅನ್ನ ನಿಂಗ್ಯಾಕೆ?" "ಅನ್ನ ಇರ್ಲಿ, ನಿಮ್ ಒಸ್ಲೂ ತುಳಿಯಾಕಿಲ್ಲ" ಎಂದಳು ಸಾಕಮ್ಮ.

ಬಲಜೇಬಿಗೆ ಕೈ ಹಾಕಿದ್ದರೆ ಆ ಮಾತೇ ಹುಟ್ಟುತ್ತಿರಲಿಲ್ಲ. ನಾನು ಪಂಕ್ತಿಯಲ್ಲಿ ಕೂತು ಪಾಯಸ ಉಂಡೆ, ಎಲೆ ಮಡಿಸಿ ಎದ್ದೆ. ಮದುವೆಮನೆಯ ಜಗಳ, ಮೂರು ತಿಂಗಳಿಗೆ ಸರಿಹೋಗುತ್ತದೆ ಎಂದುಕೊಂಡೆ. ಆಮೇಲೆ ಹರದನಹಳ್ಳಿಯ ದಾರಿಗೆ ಮೊಪೆಡ್ ತಿರುಗಿಸಲಿಲ್ಲ. ಮಂಡಿ ನೋವು ಶುರುವಾಗಿ ವ್ಯಾಪಾರವನ್ನೇ ಬಿಟ್ಟೆ, ಬಲಜೇಬಿನ ಲೈಟರ್ ಮಾತ್ರ ಬಿಡಲಿಲ್ಲ.

ಕಳೆದ ತಿಂಗಳು ಗುಂಡ್ಲುಪೇಟೆಯಿಂದ ಬರುವ ಬಸ್ಸಿನಲ್ಲಿ ತೆರಕಣಾಂಬಿ ದಾಟಿದ ಮೇಲೆ ಯಾರೋ "ಲೈಟರ್ ಮಾವ" ಎಂದರು. ಜ್ಯೋತಿ. ಪಕ್ಕದಲ್ಲಿ ಏಳು ವರ್ಷದ ಮಗಳು. ಅಜ್ಜಿಯನ್ನು ನೋಡಲು ಹೋಗುತ್ತಿದ್ದರು. "ಸಾಕಮ್ಮ ನಿಮ್ಮನೇಗೆ ಬರಲ್ವೇನಮ್ಮ?" ಎಂದೆ, ಮಾತಿಗೆ. ಅವಳು ಕಿಟಕಿಯಾಚೆ ನೋಡುತ್ತ ಹೇಳಿದಳು: "ಎಂಟು ವರ್ಸ ಆಯ್ತು ಮಾವ, ಅವ್ವ ಒಂದ್ಸಲನೂ ನಮ್ಮನೆ ಒಸ್ಲು ತುಳ್ದಿಲ್ಲ. ಇವ್ಳ ನಾಮಕರ್ಣಕ್ಕೂ ಬರ್ನಿಲ್ಲ. ಗುಂಡ್ಲುಪೇಟೆಗಂಟ ಬಂದು, ಬಸ್‌ಸ್ಟ್ಯಾಂಡಲ್ಲೇ ಮಗೀನ ಎತ್ಕಂಡು ಮುದ್ದಾಡಿ ಓದ್ರು. ನಮ್ಮತ್ತೆ ಕೆಟ್ಟೋರಲ್ಲ ಮಾವ. ಇಬ್ರೂ ಒಂದೇ ಅಟ." ನನ್ನ ಮೇಲೆ ಒಂದು ಮಾತಿಲ್ಲ. ಅನುಮಾನವೇ ಇಲ್ಲ. ಅದು ನನ್ನನ್ನು ಸುಟ್ಟಿತು ಕಣ್ರೀ, ಹಾಗೇ ಹೇಳುತ್ತೇನೆ. ಆ ಮಗು ನನ್ನ ಕೈಗೆ ಕಡಲೆಕಾಯಿ ಕೊಟ್ಟಿತು. ಅಲ್ಲೇ ಹೇಳಬಹುದಿತ್ತು. ಇಳಿಯುವ ತನಕ ಕಡಲೆಕಾಯಿ ಸುಲಿದೆ.

ನಾಲ್ಕು ದಿನ ಒದ್ದಾಡಿ ಐದನೆಯ ದಿನ ಬೆಳಿಗ್ಗೆ ಹರದನಹಳ್ಳಿಗೆ ಹೋದೆ. ಕಂಕುಳಲ್ಲಿ ಅರಿಸಿನ ಬಣ್ಣದ, ಕೆಂಪು ಅಂಚಿನ, ದಿಟವಾದ ರೇಷ್ಮೆ ಸೀರೆ. ಸಾಕಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೂರು ಎಂದಳು, ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಕುಡಿದರೆ ಬಾಯಿ ಕಟ್ಟುತ್ತದೆ. ನಿಂತೇ ಹೇಳಿದೆ. ಸೀರೆ, ಬಣ್ಣ, ಎಡಜೇಬು, ಚೌಲ್ಟ್ರಿ, ಎಲ್ಲ. ಅವಳ ಬೆರಳು ನಿಂತಿತು.

"ಅಂಗಾರೆ ದೇವೀರಕ್ಕ ಯೋಳಿದ್ದೇ ದಿಟ" ಎಂದಳು. ಅವಳ ಬಾಯಿಂದ ಮೊದಲು ಬಂದದ್ದು ಆ ಮಾತು, ನಾನು ಮೋಸ ಮಾಡಿದೆ ಎಂಬುದಲ್ಲ. ಆಮೇಲೆ ತಲೆಯೆತ್ತಿದಳು. "ಇನ್ಯಾರ್ಗೆ ಮಾಡಿದ್ದೀರಿ ಇಂಗೆ?"

"ಇನ್ನೂ ಮೂರು ಮನೆ" ಎಂದೆ.

ಸೀರೆಯನ್ನು ಮುಂದಿಟ್ಟೆ. ಅವಳು ಕಾಲಿಂದಲ್ಲ, ಕೈಯಿಂದಲೇ, ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಸೀರೆ ಆಮ್ಯಾಕೆ. ಮೊದ್ಲು ಗುಂಡ್ಲುಪೇಟೆ. ನಡೀರಿ, ಓಗನ."

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಮುಂದೆ ಕೂತಳು, ನಾನು ಹಿಂದೆ. ಬೈದಿದ್ದರೆ ಸುಲಭವಾಗುತ್ತಿತ್ತೇನೋ — ಇಲ್ಲ, ಸುಲಭ ಕೇಳುವ ಹಕ್ಕು ನನಗೆಲ್ಲಿಯದು? ಆದರೂ ಒಂದು ಮಾತು ಹೇಳಬೇಕು: ಎಂಟು ವರ್ಷದಲ್ಲಿ ಮೊದಲ ಬಾರಿಗೆ ಆ ದಾರಿಯುದ್ದಕ್ಕೂ ನನಗೆ ಉಸಿರು ಸಲೀಸಾಗಿ ಆಡಿತು.

ದೇವೀರಮ್ಮ ಬಾಗಿಲಲ್ಲಿ ನಿಂತಿದ್ದರು. ಸಾಕಮ್ಮ ಹೊಸ್ತಿಲ ಹೊರಗೆ ನಿಂತು, "ತಪ್ಪಾಯ್ತು ಅಕ್ಕ. ನೀವು ನಮ್ ಒಳ್ಳೇದ್ಕೇ ಅಂದಿದ್ರಿ" ಎಂದಳು. ನನ್ನತ್ತ ತಿರುಗಿ, "ಯೋಳಿ" ಎಂದಳು. ಮತ್ತೊಮ್ಮೆ ಎಲ್ಲವನ್ನೂ ಹೇಳಿದೆ. ದೇವೀರಮ್ಮ ಕೇಳಿಸಿಕೊಂಡು ಒಳಗೆ ಹೋಗಿ ಆ ಸೀರೆಯನ್ನೇ ತಂದರು. "ಬಾಯ್ಮಾತು ಬ್ಯಾಡ. ಅವತ್ತು ಅಚ್ದೇ ಇದ್ದುದ್ನ ಇವತ್ತು ಅಚ್ಚು."

ಎಳೆ ಎಳೆದೆ. ಬಲಜೇಬಿನ ಲೈಟರ್ ಗೀರಿದೆ. ಒಂದೇ ಸಲಕ್ಕೆ ಹತ್ತಿತು. ಎಳೆ ಮುದುರಿ, ಕರಗಿ, ಕಪ್ಪು ಗಂಟಾಯಿತು. ದೇವೀರಮ್ಮ ಅದನ್ನು ಸಾಕಮ್ಮನ ಅಂಗೈಗೆ ಹಾಕಿದರು. ಸಾಕಮ್ಮ ಉಗುರಲ್ಲಿ ಒತ್ತಿ ನೋಡಿದಳು, ಒಡೆಯಲಿಲ್ಲ. ಜ್ಯೋತಿ ಹಿಂದಿನಿಂದ ಬಂದು ನನ್ನ ಮುಖ ನೋಡಿದಳು. "ಬಸ್ಸಲ್ಲೇ ಯಾಕ್ ಯೋಳ್ನಿಲ್ಲ ಮಾವ?" ಅವಳ ದುಡಿಮೆಯ ಸೀರೆ ಅದು.

"ಬಿಸ್ಲಲ್ಲಿ ಯಾಕ್ ನಿಂತಿದ್ದೀಯವ್ವ, ಒಳೀಕ್ ಬಾ" ಎಂದರು ದೇವೀರಮ್ಮ, ಸಾಕಮ್ಮನ ಕೈ ಹಿಡಿದು. ಸಾಕಮ್ಮ ಹೊಸ್ತಿಲು ದಾಟಿದಳು. ಮೊಮ್ಮಗಳು "ಅಜ್ಜಿ ನಮ್ಮನೇಗ್ ಬಂತು" ಎಂದು ಮನೆತುಂಬ ಕೂಗುತ್ತ ಓಡಿದಳು. ನಾನು ಜಗಲಿಯ ಮೇಲೆ ಕೂತೆ. ಒಳಗೆ ತಟ್ಟೆಗಳ ಸದ್ದು, ಇಬ್ಬರ ಮಾತು, ನಡುವೆ ಒಬ್ಬರ ಅಳು — ಯಾರದ್ದೆಂದು ತಿಳಿಯಲಿಲ್ಲ — ಆಮೇಲೆ ಇಬ್ಬರ ನಗು. ನನ್ನೆದೆಯ ಮೇಲಿನ ಕಲ್ಲು ಇಳಿದದ್ದು ಆ ನಗು ಕೇಳಿದಾಗ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ದೇವೀರಮ್ಮ ಒಂದು ಚೊಂಬು ನೀರು ತಂದು ಮುಂದಿಟ್ಟರು.

"ಇವತ್ತು ಈ ಮನೇಲಿ ನಿಂಗೆ ಊಟ ಇಲ್ಲ ಕಣಪ್ಪ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನ ಮೂರ್ ಮನೆ ಅವೆ ಅಂತಲ್ಲ. ಮುಗಿಸ್ಕಂಡು ಬಾ, ಇಕ್ತೀನಿ."

ನೀರು ಕುಡಿದು, ತಂದಿದ್ದ ರೇಷ್ಮೆ ಸೀರೆಯನ್ನು ಜಗಲಿಯ ಮೇಲೇ ಬಿಟ್ಟು ಎದ್ದೆ. ಮೊದಲನೆಯ ಮನೆ ಗುಂಡ್ಲುಪೇಟೆಯಲ್ಲೇ, ಎರಡು ಬೀದಿಯಾಚೆ ಇತ್ತು. ನಡೆದೇ ಹೋದೆ.