ಇಸ್ಮತಮ್ಮ ಕೂರುವ ಜಾಗ

ಚನ್ನಪಟ್ಟಣದಲ್ಲಿ ನಮ್ಮ ಮನೆಗೂ ಇಸ್ಮತಮ್ಮನ ಮನೆಗೂ ನಡುವೆ ಒಂದೇ ಗೋಡೆ. ಚಿಕ್ಕ ವಯಸ್ಸಿನಿಂದ ರೇಷ್ಮೆ ನೂಲು ಬಿಚ್ಚಿದವಳು ಅವಳು. ಬಿಸಿನೀರಿನಲ್ಲಿ ಗೂಡು ತೇಲುತ್ತಿರುತ್ತದೆ, ಅದರಲ್ಲಿ ಕೈಯಿಟ್ಟು ಎಳೆ ಹುಡುಕಬೇಕು. ಎಳೆ ಸಿಕ್ಕಿದ ಮೇಲೆ ಬಿಟ್ಟು ಏಳುವ ಹಾಗಿಲ್ಲ. ಹಾಗೆ ಕೂತೂ ಕೂತೂ ಮಂಡಿ ಹೋಯಿತು. ಈಗ ಕೆಲಸ ಬಿಟ್ಟಿದ್ದಾಳೆ. ನೆಲದ ಮೇಲೆ ಕೂರಲು ಆಗುವುದಿಲ್ಲ.

ಅವರ ಮನೆಯಲ್ಲಿ ಊಟ ನೆಲದ ಮೇಲೆಯೇ. ಬಟ್ಟೆ ಹಾಸಿ, ನಡುವೆ ಪಾತ್ರೆಗಳನ್ನಿಟ್ಟು, ಸುತ್ತ ಎಲ್ಲರೂ ಕೂರುತ್ತಾರೆ. ಇಸ್ಮತಮ್ಮನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಅವಳು ಒಂದು ದಿನ ಕೂತಳು, ಮಾರನೆಯ ದಿನ ಕುರ್ಚಿ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಯಾಕೆ ಅಂತ ನಾನು ಕೇಳಿದೆ. "ಅನ್ನ ಕೆಳ್ಗೈತೆ, ನಾನು ಮ್ಯಾಲೆ ಕುಂತು ಅದ್ರ ಕಡೆ ಕಾಲು ಚಾಚ್ಬೇಕಾ ಸಿದ್ದಮ್ಮಕ್ಕ? ಒಬ್ಳೇ ಉಣ್ಣೋದೇ ವಾಸಿ," ಅಂದಳು.

ವಾಸಿ ಅಂದಳೇ ಹೊರತು, ಅಲ್ಲಿಂದ ಈಚೆಗೆ ಅವಳ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯುತ್ತಿತ್ತು.

ಇದನ್ನು ಕಂಡವಳು ಸೊಸೆ ಜುವೇರಿಯಾ. ರಂಜಾನ್ ಹತ್ತಿರ ಬಂದಾಗ ಹಟ ಹಿಡಿದಳು. "ಈ ಸಲ ಅಮ್ಮೀ ಸಂಜೆ ನಮ್ ಜೊತೆನೇ ಕೂತು ರೋಜಾ ಬಿಡ್ಬೇಕು. ಒಳ್ಳೆ ಟೇಬಲ್ ತಗೊಳಣ, ಮನೆಗೂ ಒಂದು ಕಳೆ ಬತ್ತದೆ." ಮಗ ಬಿಡದಿ ಕಾರ್ಖಾನೆಗೆ ಹೋಗಿದ್ದ. ಇಸ್ಮತಮ್ಮ, ಅವಳ ಗಂಡ ವಹಾಬ್ ಸಾಬರು, ಜುವೇರಿಯಾ, ನಾನು, ಇಷ್ಟು ಜನ ಹೈವೇ ಪಕ್ಕದ ಫರ್ನಿಚರ್ ಅಂಗಡಿಗೆ ಹೋದೆವು.

ಅಂಗಡಿಯವನು ಮೊದಲು ಸೋಫಾ ತೋರಿಸಿದ. ಇಸ್ಮತಮ್ಮ ಕೂತವಳು ಸೊಂಟದವರೆಗೂ ಮುಳುಗಿದಳು. ನಾನೂ ಜುವೇರಿಯಾನೂ ಒಂದೊಂದು ಕೈ ಹಿಡಿದು ಎಳೆದೆವು.

"ಈಗ ಇದೇ ಫ್ಯಾಷನ್ ಅಮ್ಮ," ಅಂದ ಅಂಗಡಿಯವನು.

"ಕೂರೋಕೆ ಫ್ಯಾಷನ್ನು ಸರಿ," ಅಂದರು ವಹಾಬ್ ಸಾಬರು, "ಏಳೋಕೆ ಕ್ರೇನೂ ನೀವೇ ಕಳಿಸ್ತೀರಾ?"

ಆಮೇಲೆ ಊಟದ ಟೇಬಲ್. ಮೇಲೆ ಗಾಜು, ಸುತ್ತ ಆರು ಕುರ್ಚಿ. ನೋಡಲು ಚೆನ್ನಾಗಿಯೇ ಇತ್ತು. ಜುವೇರಿಯಾ ಗಾಜಿನ ಮೇಲೆ ಕೈಯಾಡಿಸುತ್ತಾ ನಿಂತುಬಿಟ್ಟಳು.

"ಏಳ್ನೇವ್ರು ಬಂದ್ರೆ?" ಅಂದಳು ಇಸ್ಮತಮ್ಮ. "ಬಟ್ಟೆ ಸುತ್ತ ಆದ್ರೆ ಒಸಿ ಜರುಗಿ ಅಂದ್ರೆ ಆಯ್ತು. ಇಲ್ಲಿ ಕುರ್ಚಿನೇ ಲೆಕ್ಕ ಹಾಕ್ಬುಟ್ಟದಲ್ಲವ್ವ."

ಜುವೇರಿಯಾ ಗಾಜಿನ ಮೇಲಿಂದ ಕೈ ತೆಗೆದಳು. ಮುಖ ಸಣ್ಣಗಾಯಿತು.

ಸುಸ್ತಾಗಿ ಎಲ್ಲರೂ ಕೂತೆವು. ನಾನೂ ಜುವೇರಿಯಾನೂ ಅಲ್ಲಿದ್ದ ಒಂದು ಮಂಚದಂಥ ಅಗಲವಾದ ದಿವಾನದ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡೆವು. ಇಸ್ಮತಮ್ಮನಿಗೆ ಒಂದು ಮರದ ಕುರ್ಚಿಯನ್ನು ವಹಾಬ್ ಸಾಬರು ದಿವಾನದ ಕಡೆ ಮುಖ ಮಾಡಿ ಅದರ ಅಂಚಿಗೇ ಎಳೆದುಕೊಟ್ಟರು. ಅಂಗಡಿಯವನು ಟೀ ತರಿಸಿ ನಮ್ಮ ನಡುವೆ ದಿವಾನದ ಮೇಲಿಟ್ಟ. ಅರ್ಧ ಟೀ ಕುಡಿದ ಜುವೇರಿಯಾ ಲೋಟ ಕೆಳಗಿಟ್ಟಳು.

"ಅಮ್ಮೀ, ನಿಮ್ ಕಾಲೆಲ್ಲೈತೆ?"

ಇಸ್ಮತಮ್ಮ ಬಗ್ಗಿ ನೋಡಿದಳು. ಕಾಲು ದಿವಾನದ ಅಡಿಯಲ್ಲಿತ್ತು. ಟೀ ಅವಳ ಮುಂದಿತ್ತು. ನಾವು ಅವಳೆದುರಿಗಿದ್ದೆವು.

ಅಂತಹವೇ ಎರಡು ದಿವಾನ ಕೊಂಡೆವು. ಅಡಿಯಲ್ಲಿ ಪೆಟ್ಟಿಗೆ ಇರುವಂಥದ್ದು ಬೇಡ, ಕಾಲು ಹೋಗಬೇಕು ಅಂತ ನಾನೇ ಬಗ್ಗಿ ನೋಡಿದೆ. ಎರಡನ್ನೂ ಜೋಡಿಸಿ ನಡುವೆ ಬಟ್ಟೆ ಹಾಸಿದರೆ ಮನೆಮಂದಿಯೆಲ್ಲ ಹಿಡಿಯುತ್ತಾರೆ, ಬಂದವರೂ ಜರುಗಿ ಕೂರಬಹುದು. ಮೇಲುಹೊದಿಕೆ ಜುವೇರಿಯಾ ಆರಿಸಿದ್ದು, ನವಿಲು ಬಣ್ಣದ್ದು.

"ಕುರ್ಚಿ ಮಾತ್ರ ನಂದು," ಅಂದರು ವಹಾಬ್ ಸಾಬರು. ಅವರು ಮರದ ಗೊಂಬೆ ಮಾಡುವವರು. ನಾಲ್ಕು ಕಾಲನ್ನೂ ಕಡೆದು, ಅರಗಿನ ಹಳದಿ, ಕೆಂಪು ಏರಿಸಿ, ತಾಳೆಗರಿ ಒತ್ತಿ ಮುಖ ಕಾಣುವ ಹಾಗೆ ಹೊಳಪು ಕೊಟ್ಟರು. ಕೈ ಹಿಡಿಯಲು ಎರಡು ಕಡೆ ಗುಂಡನೆಯ ಹಿಡಿ. ಬೀದಿಯವರೆಲ್ಲ ಬಂದು ನೋಡಿದರು.

ರೋಜಾ ಶುರುವಾಗುವ ಹಿಂದಿನ ದಿನ ಇಸ್ಮತಮ್ಮ ಕೂತು ನೋಡಿದಳು. ಏಳಲು ಹಿಡಿ ಒತ್ತಿದಳಷ್ಟೇ, ಕುರ್ಚಿ ಟೈಲ್ಸ್ ಮೇಲೆ ಸರ್ರನೆ ಹಿಂದಕ್ಕೆ ಓಡಿತು. ಜುವೇರಿಯಾ ತಬ್ಬಿ ಹಿಡಿದಳು, ಇಲ್ಲದಿದ್ದರೆ ಸೊಂಟ ಮುರಿಯುತ್ತಿತ್ತು. ಗೊಂಬೆಗೆ ಕೊಡುವಂತೆ ಸಾಬರು ಕುರ್ಚಿಯ ಪಾದದ ಅಡಿಗೂ ಹೊಳಪು ಕೊಟ್ಟಿದ್ದರು.

ಇಸ್ಮತಮ್ಮ ಉಸಿರು ತೆಗೆದುಕೊಂಡು, "ಕುರ್ಚಿ ಮಾಡಿ ಅಂದ್ರೆ ಬುಗುರಿ ಮಾಡವ್ರೆ. ನಂಗೆ ಅಡುಗೆಮನೆನೇ ಸರಿ ಬುಡಿ," ಅಂದಳು. ಮಾತು ತಮಾಷೆಯದು, ಆದರೆ ಗೋಡೆ ಹಿಡಿದುಕೊಂಡೇ ಹೆಜ್ಜೆಯಿಟ್ಟಳು. ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು.

ಸಾಬರು ಕುರ್ಚಿ ಬೋರಲು ಹಾಕಿದರು. ಪಾದದ ಅಡಿಯ ಬಣ್ಣವನ್ನೆಲ್ಲ ಉಳಿಯಿಂದ ಕೆರೆದರು. ಹಳೆಯ ಸ್ಕೂಟರ್ ಟ್ಯೂಬನ್ನು ದುಂಡಗೆ ಕತ್ತರಿಸಿ ಮೊಳೆ ಹೊಡೆದರು. ಆಮೇಲೆ ತಾವೇ ಕೂತರು, ಎದ್ದರು. ನನ್ನನ್ನೂ ಕೂರಿಸಿ ಏಳಿಸಿದರು. ಕುರ್ಚಿ ಅಲುಗಲಿಲ್ಲ. ಆದರೂ ಇಸ್ಮತಮ್ಮ ಬರಲಿಲ್ಲ.

ಮಾರನೆಯ ಸಂಜೆ ಇಸ್ಮತಮ್ಮನ ತಟ್ಟೆ ಎತ್ತರವಾಗಲಿ ಅಂತ ನಮ್ಮ ಮನೆಯ ಮಣೆ ತೆಗೆದುಕೊಂಡು ಹೋದೆ. ಎಲ್ಲರೂ ದಿವಾನದ ಮೇಲೆ ಕೂತಿದ್ದರು. ಮಣೆಯ ಮೇಲೆ ತಟ್ಟೆ ಇಟ್ಟೆ, ಎದುರಿಗೆ ಬಣ್ಣದ ಕುರ್ಚಿ ಖಾಲಿ. ವಹಾಬ್ ಸಾಬರು ಎದ್ದು ಹೋಗಿ ಕುರ್ಚಿಯ ಹಿಂದೆ ನಿಂತರು. ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡರು.

"ನಾನ್ ಹಿಡ್ಕೊಂಡಿವ್ನಿ. ಬಾ."

ಇಸ್ಮತಮ್ಮ ಅಡುಗೆಮನೆ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಬಂದು ಕೂತಳು. ಕಾಲು ದಿವಾನದ ಅಡಿಗೆ ಹೋಯಿತು.

ಮಸೀದಿಯಿಂದ ಅಜಾನ್ ಕೇಳಿಸಿತು. ಖರ್ಜೂರ ಬಾಯಿಗಿಟ್ಟುಕೊಂಡಳು. ಗಂಜಿ ಒಂದು ಗುಟುಕು ಕುಡಿದು ಸೊಸೆಯ ಕಡೆ ತಿರುಗಿದಳು. "ಉಪ್ಪು ಕಮ್ಮಿ ಆಗೈತಲ್ಲೇ. ಇಷ್ಟು ದಿನ ಹಿಂಗೇ ಉಣ್ತಿದ್ರಾ ಎಲ್ರೂ?"

"ಹೇಳೋಕೆ ನೀವಿಲ್ಲಿ ಇರ್ಲಿಲ್ವಲ್ಲ ಅಮ್ಮೀ," ಅಂದಳು ಜುವೇರಿಯಾ.

ಸಾಬರು ಇನ್ನೂ ಕುರ್ಚಿ ಹಿಡಿದೇ ನಿಂತಿದ್ದರು. "ಬುಡಿ ಇನ್ನ, ಅದು ಓಡೋಗಕಿಲ್ಲ," ಅಂದಳು ಇಸ್ಮತಮ್ಮ. ಆಮೇಲೆ ನನ್ನ ಕಡೆ ನೋಡಿ, "ಒಸಿ ಜರುಗ್ರೋ ಎಲ್ಲಾ, ಸಿದ್ದಮ್ಮಕ್ಕ ನಿಂತೇ ಅವ್ರೆ," ಅಂದಳು.

ಜರುಗಿದರು. ನಾನೂ ಕೂತೆ.